ಅಂಟಿಸಿದ ಎರಡು ಹಾಳೆ

ಮೊನ್ನೆ ಹಿರಿಯೂರಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವರ ಮಡಿಲಲ್ಲಿ ಹೊಸ ಕಂಬಳಿ ಇತ್ತು. ಅದರ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೊಂದು ಪುಸ್ತಕ ನೆನಪಾಯಿತು... ಅದನ್ನು ಕೊಟ್ಟ ನಮ್ಮ ಟೀಚರಮ್ಮ ನೆನಪಾದರು.

ಮಾಡದಕೆರೆಯ ಶಾಲೆಗೆ ಅವರು ಬಂದಾಗ ನಾನು ಏಳನೇ ಕ್ಲಾಸು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಆದರೂ ಒಂಟಿ ಹೆಂಗಸು ಬಾಡಿಗೆ ಮನೆ ಹಿಡಿದರೆ ಊರಿಗೆ ಊರೇ ಗುಸುಗುಸು ಅನ್ನುತ್ತಿತ್ತು. ನಾನೇನು ಕಡಿಮೆಯೇ? ನನ್ನದು ಹುಟ್ಟಾ ಅನುಮಾನದ ಬುದ್ಧಿ. ಯಾರಾದರೂ ಬೆಲ್ಲ ಕೊಟ್ಟರೂ ಮೊದಲು ಮೂಸಿ ನೋಡುವವಳು.

ಅವರಿಗೆ ನನ್ನನ್ನು ಚಿತ್ರದುರ್ಗದ ಹಾಸ್ಟೆಲ್ಲಿಗೆ ಸೇರಿಸಿ ಹೈಸ್ಕೂಲು ಓದಿಸುವ ಆಸೆ. ನನಗಂತೂ ಅದೇ ಕನಸು. ಅಪ್ಪ ಕುರಿಹಿಂಡಿನ ಜೊತೆ ಊರೂರು ಅಲೆಯುತ್ತಿದ್ದ, ತೀರ್ಮಾನವೆಲ್ಲ ಅವ್ವನದು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆಗ ಟೀಚರಮ್ಮ ಆ ಪುಸ್ತಕ ಕೊಟ್ಟರು. ವಿಮಾನ ಹಾರಿಸುತ್ತಿದ್ದ ಹೆಂಗಸೊಬ್ಬಳು ತನ್ನ ಸಾಹಸಗಳನ್ನು ತಾನೇ ಬರೆದದ್ದು, ಕನ್ನಡಕ್ಕೆ ಬಂದದ್ದು.

"ದಿನಾ ಸಂಜೆ ಅವ್ವಂಗೆ ಓದಿ ಹೇಳಮ್ಮ. ಇದಕ್ಕಿಂತ ಒಳ್ಳೇ ಪುಸ್ತಕ ನನ್ನತ್ರ ಇಲ್ಲ" ಅಂದರು.

ಓದುವವಳು ನಾನು, ಅವ್ವನಿಗೆ ಯಾಕೆ? ಅಲ್ಲಿಂದಲೇ ನನ್ನ ಅನುಮಾನ ಶುರು.

ಅವ್ವ ಕಂಬಳಿಯ ನೂಲಿಗೆ ಗಂಜಿ ಹಚ್ಚುತ್ತ ಕೇಳುತ್ತಿದ್ದಳು. ಮರಳುಗಾಡಿನ ಮೇಲೆ ಒಬ್ಬಳೇ ಹಾರಿದಳು ಎಂದು ಓದಿದಾಗ ಕೈ ನಿಲ್ಲಿಸಿ, "ಅಬ್ಬಬ್ಬಾ, ಗಟ್ಟಿಗಿತ್ತಿ ಬಿಡೇ!" ಅಂದಳು. ಐದನೇ ಸಂಜೆ ತಾನಾಗಿಯೇ, "ಆ ಹಾಸ್ಟೆಲ್ನಾಗೆ ಮುದ್ದೆ ಕೊಡ್ತಾರೇನೇ?" ಎಂದು ಕೇಳಿದಳು. "ಕೊಡ್ತಾರವ್ವ" ಅಂದುಬಿಟ್ಟೆ.

ಆರನೇ ಸಂಜೆ ನೋಡಿದರೆ, ನಡುವಿನ ಎರಡು ಹಾಳೆ ಅಂಟಿಕೊಂಡಿದ್ದವು. ಮೂಸಿದೆ. ನಮ್ಮದೇ ಹುಣಸೆಬೀಜದ ಗಂಜಿ! ಹರಿದ ಪುಸ್ತಕಗಳಿಗೆ ಬೇಕು ಎಂದು ಟೀಚರಮ್ಮ ಹಿಂದಿನ ವಾರ ನಮ್ಮ ಮನೆಯಿಂದಲೇ ಒಂದು ಬಟ್ಟಲು ಇಸಿದುಕೊಂಡು ಹೋಗಿದ್ದರು. ಈ ಹಾಳೆಗಳು ಎಲ್ಲೂ ಹರಿದಿರಲಿಲ್ಲ. ಅಂದರೆ ಬೇಕೆಂದೇ ಅಂಟಿಸಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ.

"ಅವ್ವ, ಇದ್ರಾಗೆ ಏನೋ ಐತೆ" ಅಂದೆ.

ಗಂಜಿ ಬಿಡಿಸುವುದನ್ನು ಕಂಬಳಿ ಮನೆಯವರಿಗೆ ಹೇಳಿಕೊಡಬೇಕೆ? ಬಿಸಿನೀರಿನ ಬಟ್ಟೆ ಒತ್ತಿದೆ, ಹಾಳೆ ಬಿಟ್ಟವು. ನಾನೇ ಜಾಣೆ ಅಂದುಕೊಂಡು ಜೋರಾಗಿ ಓದಿದೆ. ವಿಮಾನ ಬಂಡೆಗೆ ಬಡಿದಿತ್ತು. ಅವಳು ರಕ್ತದಲ್ಲಿ ಬಿದ್ದಿದ್ದಳು. ಸುತ್ತ ನರಪಿಳ್ಳೆಯೂ ಇರಲಿಲ್ಲ...

"ಸಾಕು, ಮುಚ್ಚೇ" ಅಂದಳು ಅವ್ವ. "ಒಂಟಿಯಾಗಿ ಹೋದೋರ ಗತಿ ಇಷ್ಟೇ. ನೀನು ಎಲ್ಲಿಗೂ ಹೋಗಬ್ಯಾಡ."

ಅಲ್ಲಿಗೆ ಹಾಸ್ಟೆಲ್ಲಿನ ಮಾತು ಮುಗಿಯಿತು. ಪುಸ್ತಕ ವಾಪಸ್ಸು ಕೊಟ್ಟಾಗ ಟೀಚರಮ್ಮ ಬಿಡಿಸಿದ ಹಾಳೆಗಳನ್ನು ಸವರಿ ನೋಡಿದರು. ಬೈಯಲಿಲ್ಲ.

"ಮುಂದಿನ ಹಾಳೆ ಓದಿದ್ಯೇನಮ್ಮ?"

"ಇಲ್ಲ" ಅಂದೆ ಸಿಡುಕಿನಿಂದ. ಅವರೇ ಮೋಸ ಮಾಡಿದರೆಂಬ ಸಿಟ್ಟು ನನಗೆ. ಮರುವರ್ಷ ಅವರಿಗೆ ವರ್ಗವಾಯಿತು, ನನಗೆ ಮದುವೆಯಾಯಿತು.

ಆ ಪುಸ್ತಕ ಮತ್ತೆ ಸಿಕ್ಕಿದ್ದು ನನಗೆ ಅರವತ್ತು ದಾಟಿದ ಮೇಲೆ, ಹೊಸದುರ್ಗದ ಲೈಬ್ರರಿಯಲ್ಲಿ. ನಿಂತಲ್ಲೇ ಆ ಮುಂದಿನ ಹಾಳೆ ತಿರುವಿದೆ. ಅವಳು ತೆವಳಿಕೊಂಡು ಹೋಗಿ ಒಂದು ಕುರಿಹಟ್ಟಿ ಸೇರಿದ್ದಳು. ಅಲ್ಲಿನ ಕುರಿಗಾಹಿ ಹೆಂಗಸರು ಹಾಲು ಕುಡಿಸಿ, ಕಂಬಳಿ ಹೊದಿಸಿ ಅವಳನ್ನು ಉಳಿಸಿಕೊಂಡಿದ್ದರು. ಅವ್ವ ಹೆದರದಿರಲೆಂದೇ ಟೀಚರಮ್ಮ ಆ ಎರಡು ಹಾಳೆ ಅಂಟಿಸಿದ್ದರು ಎಂಬುದು ಆಗ ಹೊಳೆದು, ನನಗೆ ಅಳು ತಡೆಯಲಾಗಲಿಲ್ಲ.

ಈಗ ಸಿಕ್ಕ ಹುಡುಗಿಯರಿಗೆಲ್ಲ ಆ ಪುಸ್ತಕ ಓದಿ ಅನ್ನುತ್ತೇನೆ. ಟೀಚರಮ್ಮ ತೀರಿಕೊಂಡರಂತೆ, ಅವ್ವ ಹೋಗಿಯೂ ಬಹಳ ಕಾಲವಾಯಿತು. ಆ ಹಾಳೆಯನ್ನು ನಾನು ಅವ್ವನಿಗೆ ಓದಿ ಹೇಳಲೇ ಇಲ್ಲ.