ಬಿದ್ದವನಿಗೆ ಹೊಡೆದರೆ ಪಾಯಿಂಟ್ ಇಲ್ಲ

ಮೊಮ್ಮಗಳು ಆ ಆಟವನ್ನು ಮೊದಲು ಕಂಪ್ಯೂಟರಿನಲ್ಲಿ ಆಡುತ್ತಿದ್ದಳು. ನಾನು ಭೀಮನಬೀಡು ಬಿಟ್ಟು ಚಾಮರಾಜನಗರದ ಮಗಳ ಮನೆಗೆ ಬಂದು ಸೇರಿದ ಹೊಸದರಲ್ಲಿ ಅವಳ ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಒಬ್ಬ ಕತ್ತಿ ಹಿಡಿದು ಕೋಟೆಯೊಳಕ್ಕೆ ನುಗ್ಗುತ್ತಾನೆ. ಎದುರಾದ ಸೈನಿಕರನ್ನೆಲ್ಲ ಕಡಿಯುತ್ತಾ ಹೋಗುತ್ತಾನೆ. ಅವಳು ಬೆರಳ ತುದಿಯಲ್ಲಿ ಗುಂಡಿ ಒತ್ತಿದರೆ ಅಲ್ಲಿ ಒಂದು ತಲೆ ಉರುಳುತ್ತಿತ್ತು, ಗೋಡೆಗೆ ರಕ್ತ ಚಿಮ್ಮುತ್ತಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆಫೀಸಿನಲ್ಲಿ ಟೈಪ್ ಹೊಡೆಯುವವರನ್ನು ನೋಡಿದ ಹಾಗಿರುತ್ತಿತ್ತು.

ಹೋದ ವರ್ಷ ಅದೇ ಆಟ ಕೈ ಬೀಸಿ ಆಡುವ ಮೆಷಿನ್ನಿಗೂ ಬಂತು. ಕೆಲಸಕ್ಕೆ ಸೇರಿದ್ದ ಮೊಮ್ಮಗಳು ಅದನ್ನು ಕೊಂಡು ತಂದಳು. ಇದರಲ್ಲಿ ಬೆರಳಿಗೆ ಕೆಲಸವಿಲ್ಲ. ಟಾರ್ಚಿನಷ್ಟು ಉದ್ದದ ಒಂದು ಹಿಡಿಯನ್ನು ಕೈಯಲ್ಲಿ ಹಿಡಿದು ನಾವು ಬೀಸಿದ ಹಾಗೆ ಟಿವಿಯಲ್ಲಿ ಕತ್ತಿ ಬೀಸುತ್ತದೆ. ಏಟು ತಗುಲಿದರೆ ಹಿಡಿ ಅಂಗೈಯಲ್ಲಿ ಗುರ್ ಎಂದು ನಡುಗುತ್ತದೆ.

ಅದನ್ನು ಮೊದಲ ಸಲ ಆಡಿದ ಭಾನುವಾರ ಬೆಳಿಗ್ಗೆ ಚಂದಕವಾಡಿಯಿಂದ ನನ್ನ ತಮ್ಮ ಬಂದಿದ್ದ. ಮದುವೆಯಾದ ಮೇಲೆ ಅವನು ಹೆಂಡತಿಯ ಊರಿನಲ್ಲೇ ನಿಂತವನು. ಒಂದು ಚೀಲ ಅವರೆಕಾಯಿ ತಂದು ಅಡುಗೆಮನೆಯಲ್ಲಿಟ್ಟು ಸೋಫಾದ ತುದಿಯಲ್ಲಿ ಕೂತ.

"ತಾತ, ನೀನು ಮೊದ್ಲು ಆಡು. ಹೆಂಗದೆ ಅಂತ ಆಮೇಲೆ ಯೋಳ್ಬೇಕು" ಎಂದು ಮೊಮ್ಮಗಳು ಹಿಡಿಯನ್ನು ನನ್ನ ಕೈಗೆ ಕೊಟ್ಟು, ಅದರ ದಾರವನ್ನು ಮಣಿಕಟ್ಟಿಗೆ ಬಿಗಿದಳು.

ಮೊದಲನೆಯ ಸೈನಿಕ ಬಂದ. ನಾನು ಹೆಗಲ ಮೇಲಿಂದ ಎಳೆದು ಬೀಸಿದೆ.

"ಇಷ್ಟು ಜೋರ್ ಬ್ಯಾಡ ಕಣ್ ತಾತ. ಅದಕ್ಕೆ ನಿನ್ ಬಲ ಗೊತ್ತಾಗಲ್ಲ. ಕೈ ತಿರುಗಿದ್ರೆ ಸಾಕು."

ಅವಳ ಮಾತು ಕೇಳಿಸಿತು, ಕೈ ಕೇಳಲಿಲ್ಲ. ಎರಡನೆಯವನ ಭುಜಕ್ಕೆ ಬಿತ್ತು, ಹಿಡಿ ಗುರ್ ಎಂದಿತು. ಮೂರನೆಯವನ ಮಂಡಿ ಕಡಿದೆ. ಅವನು ಕೆಳಗೆ ಬಿದ್ದು ಒಂದು ಕೈ ಮೇಲೆತ್ತಿದ. ನಾನು ಮತ್ತೆ ಹೊಡೆದೆ. ಆ ಕೈ ಕೆಳಗೆ ಬಿತ್ತು. ಮತ್ತೆ ಹೊಡೆದೆ. ನನ್ನ ಬೆರಳಿನ ಗೆಣ್ಣು ಮನೆಯ ಗೋಡೆಗೆ ತಾಗಿ ಚರ್ಮ ಕಿತ್ತು ರಕ್ತ ಬಂದದ್ದು ನನಗೆ ತಿಳಿಯಲಿಲ್ಲ.

"ಸತ್ತೋದ ಅವ್ನು, ಮುಂದಕ್ಕೆ ಓಗು" ಎಂದು ಅವಳು ನಗುತ್ತಿದ್ದಳು. "ಬಿದ್ದವ್ನಿಗೆ ಹೊಡದ್ರೆ ಪಾಯಿಂಟ್ ಬರಲ್ಲ."

ನಾನು ನಿಲ್ಲಿಸಲಿಲ್ಲ. ನನಗೆ ಸುಖವಾಗುತ್ತಿತ್ತು. ಈ ಮಾತನ್ನು ಬರೆಯಲು ಇಷ್ಟು ದಿನ ತಡೆದೆ. ಆ ಸುಖ ಹೊಸದಾಗಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವನಿಗೆ ಬಿಡುವಿನ ದಿನ. ನಾನು ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮುಗಿಸಿ ಬೇಸಾಯಕ್ಕೆ ನಿಂತು ಕೆಲವು ವರ್ಷಗಳಾಗಿದ್ದವು. ಒಂದು ಸೋಮವಾರ ನಾನು ಪೇಟೆಗೆ ಹೋಗಿದ್ದಾಗ ತಮ್ಮ ಯಾರದೋ ಗೊಬ್ಬರ ಸಾಗಿಸಲು ಗಾಡಿ ಹೂಡಿದ. ಹೊಲದ ಹಳ್ಳದಲ್ಲಿ ಎಡಗಡೆಯ ಎತ್ತಿನ ಮುಂಗಾಲು ಮುರಿಯಿತು. ನಾನು ಹುಡುಕಿಕೊಂಡು ಹೋದಾಗ ಎತ್ತು ಮಲಗಿ ಬುಸುಗುಡುತ್ತಿತ್ತು, ಇವನು ಅದರ ತಲೆ ಹಿಡಿದು ಅಳುತ್ತಿದ್ದ. ನೊಗದ ಗೂಟ ಕಿತ್ತು ಅವನಿಗೆ ಹೊಡೆದೆ. ಬೆನ್ನಿಗೆ ಬಿದ್ದಾಗ ಅವನು ಕದಲಲಿಲ್ಲ. ಆಮೇಲೆ ಮಗ್ಗುಲಾಗಿ ಬಿದ್ದು, "ಸಾಕು ಬುಡಣ್ಣ" ಅಂತ ಬಲಗೈ ಅಡ್ಡ ಹಿಡಿದ. ಆ ಕೈಗೇ ಹೊಡೆದೆ. ಹಸಿ ಕಡ್ಡಿ ಮುರಿದ ಸದ್ದು ಬಂತು. ಆ ಸದ್ದಿಗೆ ಕೈ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಊರಿಗೆ ನಾನೇ ಕಥೆ ಹೇಳಿದೆ: ಇವನು ಕುಡಿದು ಗಾಡಿ ಮಗುಚಿದ, ಅದರ ಮೂಕಿಮರ ಕೈ ಮೇಲೆ ಬಿತ್ತು. ಎತ್ತಿನ ಮುರಿದ ಕಾಲು ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಸೋಮವಾರ ಹೂಡಿದ್ದಕ್ಕೆ ಬಸವಣ್ಣ ಕೊಟ್ಟ ಶಿಕ್ಷೆ ಅಂತ ಜನ ಅಂದರು. ನಾನು ದೇವರ ಹಿಂದೆ ಅಡಗಿಕೊಂಡೆ. ಅವನಿಗೆ ನಿಶ್ಚಯವಾಗಿದ್ದ ಹೆಣ್ಣು ಕುಡುಕನಿಗೆ ಬೇಡ ಅಂತ ತಪ್ಪಿಹೋಯಿತು. ಒಂದು ತೊಟ್ಟು ಹೆಂಡ ಮುಟ್ಟದವನು ಅವನು. ಮನೆಯ ಮಕ್ಕಳೆಲ್ಲ ಆ ಗಾಡಿಯ ಕಥೆಯನ್ನು ತಮಾಷೆಯಾಗಿ ಕೇಳಿಕೊಂಡೇ ಬೆಳೆದರು. ಅವನು ಒಂದು ಸಲವೂ ಅಲ್ಲ ಅನ್ನಲಿಲ್ಲ. ಅವನ ಮಾನ ನನ್ನ ಬಾಯಲ್ಲಿತ್ತು, ನಾನು ಬಾಯಿ ಬಿಡಲಿಲ್ಲ.

"ಈಗ ಚಿಕ್ತಾತ" ಎಂದು ಮೊಮ್ಮಗಳು ಹಿಡಿಯನ್ನು ತಮ್ಮನಿಗೆ ಕೊಟ್ಟಳು.

ಆಟ ಶುರುವಾಗುವ ಮುಂಚೆ ಮಣಿಕಟ್ಟನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಮೆಷಿನ್ನಿಗೆ ಗುರುತು ಕೊಡಬೇಕು. ಅವನ ಬಲಗೈ ಮೊಣಕೈಯಿಂದ ಕೆಳಕ್ಕೆ ಒಂದೇ ದೊಣ್ಣೆಯ ಹಾಗಿದೆ. ಅವನು ಇಡೀ ಮೈಯನ್ನೇ ತಿರುಗಿಸಿದ. ಮತ್ತೊಮ್ಮೆ ಮಾಡಿ ಅಂತ ಟಿವಿ ತೋರಿಸಿತು. ಮತ್ತೆ ತಿರುಗಿದ. ಮತ್ತೊಮ್ಮೆ ಮಾಡಿ. ಅವನ ಹಣೆಯಲ್ಲಿ ಬೆವರು ಬಂದಿತ್ತು.

"ಈ ಮಿಷನ್ಗೂ ನಾನು ಬ್ಯಾಡ ಕಣಮ್ಮಿ" ಅಂದ.

"ಕುಡ್ಕಂಡು ಗಾಡಿ ಓಡ್ಸುದ್ರೆ ಇನ್ನೇನಾಗುತ್ತೆ ಚಿಕ್ತಾತ?" ಅವಳು ಪ್ರೀತಿಯಿಂದಲೇ ಛೇಡಿಸಿದಳು. "ಆವತ್ತು ಎಷ್ಟು ಬಾಟ್ಲು?"

ತಮ್ಮ ಎಂದಿನ ಹಾಗೆ ನಕ್ಕ. ನನ್ನ ಬೆರಳಿನಿಂದ ರಕ್ತ ಇನ್ನೂ ಒಸರುತ್ತಿತ್ತು.

"ಅವ್ನು ಕುಡ್ದಿರ್ಲಿಲ್ಲ ಕಣಮ್ಮಿ" ಅಂದೆ. "ಗಾಡಿನೂ ಮಗುಚಲಿಲ್ಲ. ನಾನು ಹೊಡ್ದೆ. ನೊಗದ ಗೂಟದಲ್ಲಿ, ಮೂರೇಟು."

ಮೊಮ್ಮಗಳು ಮೊದಲು ನಗಲು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಟಿವಿ ಆರಿಸಿದಳು.

ತಮ್ಮ ಹಿಡಿಯ ದಾರ ಬಿಚ್ಚುತ್ತಿದ್ದ. ತಲೆ ಎತ್ತದೆ, "ಐದು" ಅಂದ.

ನಾನು ಮೂರು ಎಂದೇ ನಂಬಿದ್ದೆ. ತಪ್ಪು ಒಪ್ಪಿಕೊಳ್ಳುವಾಗಲೂ ಎರಡು ಏಟು ನನ್ನಲ್ಲೇ ಉಳಿಸಿಕೊಂಡಿದ್ದೆ.

"ಚಿಕ್ತಾತ, ನೀನ್ಯಾಕ್ ಯೋಳ್ಲಿಲ್ಲ?"

"ಯೋಳಿದ್ರೆ ನಮ್ಮವ್ವ ಇವನ ಮನೇಲಿ ಅನ್ನ ಉಣ್ತಿದ್ಲ? ಇವನ ಬುಟ್ಟು ಅವಳ ಸಾಕೋರು ಯಾರಿದ್ರು? ನಂಗೆ ಕೈ ಇರ್ಲಿಲ್ಲ." ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಆ ನಗು ಇರಲಿಲ್ಲ. "ಅವ್ವ ಸತ್ತು ಹನ್ನೊಂದು ವರ್ಸ ಆಯ್ತು ಕಣಣ್ಣ. ಆವತ್ತಿಂದ ಕಾಯ್ತಿವ್ನಿ. ಇವತ್ತು ಬಾಯ್ ಬುಟ್ಟೆ, ಅದೂ ಈ ಮಗಿನ ಮುಂದೆ. ನನ್ ಹೆಂಡ್ತಿಗೆ ಯಾರ್ ಯೋಳ್ತಾರೆ?"

"ನೀನು ಯೋಳಿಲ್ವ?" ಅಂದೆ ನಾನು.

"ಕುಡುಕ್ರ ಮಾತು ಯಾರ್ ನಂಬ್ತಾರೆ?"

ಅವನು ಎಡಗೈಯಲ್ಲಿ ಜೇಬಿನಿಂದ ಫೋನ್ ತೆಗೆದು ಮೊಮ್ಮಗಳಿಗೆ ಕೊಟ್ಟ. "ನಮ್ಮ ಮನೆಗೆ ಹಾಕ್ಕೊಡವ್ವ. ಇವ್ನೇ ಯೋಳ್ಲಿ."

ಅವಳು ಹಾಕಿಕೊಟ್ಟಳು. ತಮ್ಮನ ಹೆಂಡತಿ ಎತ್ತಿದಳು. ಹಿಂದೆ ಕೋಳಿ ಕೂಗುವುದು ಕೇಳಿಸುತ್ತಿತ್ತು. ನಾನು ಸೋಮವಾರದಿಂದ ಶುರುಮಾಡಿ ಎಲ್ಲ ಹೇಳಿದೆ, ಐದೂ ಹೇಳಿದೆ. ತಮ್ಮ ಎದುರಿಗೆ ನಿಂತು, ಒಂದು ಮಾತು ತಪ್ಪಿದರೂ ತಿದ್ದುವವನ ಹಾಗೆ ಕೇಳುತ್ತಿದ್ದ.

"ಭಾವ" ಅಂದಳು ತಮ್ಮನ ಹೆಂಡತಿ. "ಮದ್ವೆಯಾದಾಗಿಂದ ಅವ್ರು ಹೊತ್ತು ಮಾಡ್ಕಂಡು ಬಂದಾಗ್ಲೆಲ್ಲ, ಬಾಗ್ಲಲ್ಲೇ ನಿಲ್ಸಿ ಬಾಯಿ ಮೂಸಿ ನೋಡಿವ್ನಿ. ಒಂದಿನಾನೂ ವಾಸ್ನೆ ಇರ್ಲಿಲ್ಲ. ಆದ್ರೂ ಮೂಸ್ದೆ."