ತಬೂಕ್‌ನ ಹಿಮ ಮತ್ತು ಒಂದು ಕಾರ್ಬನ್ ಪ್ರತಿ

“ಮರಳುಗಾಡಿನ ಬೆಟ್ಟದಲ್ಲಿ ಹಿಮ ಜಾರೀತೆಂದು ಯಾರಿಗೆ ತಾನೆ ಗೊತ್ತಿತ್ತು? ಚಾಲಕ ಯಾರ ಮಾತೂ ಕೇಳದೆ ಹೊರಟ. ಇವರು ಬರಿಗೈಯಲ್ಲಿ ಅಗೆದು ಅವನನ್ನು ಹೊರತೆಗೆದರು.”

ಕಳೆದ ತಿಂಗಳು ನಮ್ಮೂರಿನ ಹಿರಿಯರೊಬ್ಬರ ಸಂತಾಪ ಸಭೆಯಲ್ಲಿ ಮೂವರು ಅವರ ಬಗ್ಗೆ ಇದನ್ನೇ ಹೇಳಿದರು. ಇದರಲ್ಲಿ ಕೊನೆಯ ವಾಕ್ಯ ಮಾತ್ರ ನಿಜ. ಮನೆಗೆ ಬಂದು ತಗಡಿನ ಪೆಟ್ಟಿಗೆ ತೆರೆದೆ. ಕಾರ್ಬನ್ ಕಾಗದದ ಎಣ್ಣೆಯಂಥ ವಾಸನೆ ಮೂಗಿಗೆ ತಾಗಿತು... ಅದರ ಹಿಂದೆಯೇ ಅವರ ಮುಖ.

ಎಂಬತ್ತರ ದಶಕದ ಒಂದು ಚಳಿಗಾಲ. ಅರಬ್ ನಾಡಿನ ತಬೂಕ್ ಪಟ್ಟಣದಾಚೆಯ ಬೆಟ್ಟಗಳಲ್ಲಿ ಟೆಲಿಫೋನ್ ಗೋಪುರ ಕಟ್ಟುವ ನಮ್ಮ ಶಿಬಿರವಿತ್ತು. ಅವರು ಅಲ್ಲಿನ ಫೋರ್‌ಮನ್, ನಮ್ಮ ಉಡುಪಿ ಕಡೆಯವರೇ. ನನಗೆ ಅವರು ಕಾಕ, ಚಿಕ್ಕಪ್ಪನ ಹಾಗೆ. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನ್ನನ್ನು ರಿಯಾದ್‌ನ ಬತ್ಹಾ ಪೇಟೆಯ ಇಕ್ಕಟ್ಟಿನ ಕೋಣೆಯಿಂದ ಕರೆದೊಯ್ದು, ಇಂಗ್ಲಿಷ್ ಓದಲು ಕಲಿಸಿ, ಶಿಬಿರದ ದಿನವರದಿ ಬರೆಯುವ ಕೆಲಸಕ್ಕೆ ಕೂರಿಸಿದವರು. “ಕಂಡದ್ದು ಬರಿ, ಕೇಳಿದ್ದು ಬರಿ. ಬರೆದ ಮೇಲೆ ಮಾತ್ರ ಅಳಿಸ್ಬೇಡ ಮಾರಾಯ, ಯಾರು ಹೇಳಿದ್ರೂ,” ಎಂದಿದ್ದರು. ನನ್ನ ಬದುಕಿನಲ್ಲಿ ಓದೆಂಬುದು ಶುರುವಾದದ್ದೇ ಆ ಮಾತಿನಿಂದ.

ಆ ವರ್ಷ ಎರಡು ದಿನ ಬಿಡದೆ ಹಿಮ ಬಿತ್ತು. ಕಡಲ ತೀರದವರಾದ ನಾವು ಅದನ್ನು ಬೊಗಸೆಯಲ್ಲಿ ಹಿಡಿದು ನಕ್ಕೆವು. ಗಾಳಿ ಹಿಮವನ್ನೆಲ್ಲ ತಳ್ಳಿಕೊಂಡು ಹೋಗಿ, ಗೋಪುರದ ದಾರಿಯ ಮೇಲ್ಗಡೆಯ ಕಡಿದಾದ ಕೊರಕಲಿನಲ್ಲಿ ಆಳೆತ್ತರ ಪೇರಿಸಿತ್ತು. ಮೂರನೆಯ ದಿನ ಬೆಳಿಗ್ಗೆ ಚುರುಕು ಬಿಸಿಲು. ಮೇಲಿನ ಕೆಲಸದವರಿಗೆ ನೀರಿನ ಟ್ಯಾಂಕರ್ ಹೋಗಬೇಕಿತ್ತು. ಅದರ ಚಾಲಕ ಗಿಲ್ಗಿಟ್‌ನವನು, ಹಿಮದಲ್ಲಿ ಹುಟ್ಟಿ ಬೆಳೆದವನು. ಅವನು ಸಲಿಕೆ ಹಿಡಿದು ಕೊರಕಲಿನ ಅಂಚಿಗೆ ಹೋಗಿ, ಬಂಡೆ ಸಿಗುವವರೆಗೆ ಹಿಮವನ್ನು ಕಡಿದ. ಆಮೇಲೆ ನನ್ನನ್ನು ಕರೆದು ಆ ಗುಂಡಿಯೊಳಗೆ ಕೈ ಇಡಿಸಿದ. ನುಣುಪು ಬಂಡೆಗೂ ಹಿಮಕ್ಕೂ ನಡುವೆ ನೀರು ಹರಿಯುತ್ತಿತ್ತು. ಅಷ್ಟೂ ಹಿಮ ಆ ನೀರಿನ ಮೇಲೆ ಕೂತಿತ್ತು.

ಕಾಕನ ಬಳಿಗೆ ಬಂದು ಅವನು ಉರ್ದುವಿನಲ್ಲಿ ಹೇಳಿದ: “ಈಗ ಬೇಡ. ಶಾಮ್ ಕೋ ಜಾಯೇಂಗೆ, ಸಂಜೆ ಹೋಗೋಣ. ಬಿಸಿಲು ಇಳಿದರೆ ಮತ್ತೆ ಗಟ್ಟಿಯಾಗುತ್ತದೆ. ನೀವು ಸಮುದ್ರದವರು, ನಿಮಗೆ ಅಲೆ ಗೊತ್ತು. ನನಗೆ ಇದು ಗೊತ್ತು.”

ಅಂದು ಮಧ್ಯಾಹ್ನ ರಿಯಾದ್‌ನಿಂದ ದೊಡ್ಡ ಇಂಜಿನಿಯರ್ ಬರುವವರಿದ್ದರು. ಕೆಲಸ ನಿಂತಿರುವುದನ್ನು ಅವರು ನೋಡುವುದು ಕಾಕನಿಗೆ ಬೇಡವಾಗಿತ್ತು. “ಇವನದ್ದೆಂತ ಹೆದರಿಕೆ ಮಾರಾಯ! ನಾಳೆ ಇದರಲ್ಲಿ ಶರಬತ್ತು ಮಾಡಿ ಕುಡೀಬಹುದು,” ಎಂದು ನನ್ನತ್ತ ನೋಡಿ ನಕ್ಕರು. ಚಾಲಕನಿಗೆ, ಆ ದೇಶದಲ್ಲಿರಲು ಬೇಕಾದ ಅವನ ಪರವಾನಗಿ, ಇಕಾಮಾ, ತಮ್ಮ ಪೆಟ್ಟಿಗೆಯಲ್ಲಿದೆಯೆಂದು ನೆನಪಿಸಿದರು. ನಾನು ಇಬ್ಬರ ಮಾತನ್ನೂ ವರದಿಯಲ್ಲಿ ಬರೆಯುತ್ತಿದ್ದೆ. “ಬರಿ, ಬರಿ. ಗಿಲ್ಗಿಟ್‌ನ ಹುಲಿ ಹೆದರಿತು, ನಾನು ಕಳಿಸಿದೆ ಅಂತ ಬರಿ. ಇಲ್ಲಿ ಕೊಡು,” ಎಂದು ನಗುತ್ತಲೇ ಸಹಿ ಹಾಕಿದರು.

ಟ್ಯಾಂಕರ್ ಕೊರಕಲಿನ ಕೆಳಗೆ ತಲುಪಿದಾಗ ಸದ್ದೇನೂ ದೊಡ್ಡದಾಗಿ ಕೇಳಲಿಲ್ಲ. ಗೋಣಿಚೀಲ ಎಳೆದಂಥ ಸಪ್ಪಳ, ಅಷ್ಟೇ. ನೋಡಿದರೆ ದಾರಿಯೇ ಇರಲಿಲ್ಲ.

ಕಾಕ ನಮಗಿಂತ ಮುಂದೆ ಓಡಿದರು. ಒಳಗಿದ್ದವರಿಗೆ ಸಲಿಕೆ ತಾಗಿ ಗಾಯವಾದೀತೆಂದು ಬರಿಗೈಯಲ್ಲಿ ಅಗೆದರು, ಉಗುರು ಕಿತ್ತುಬಂದರೂ ನಿಲ್ಲಿಸಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಕಾಪುವಿನ ಪೈಪ್ ಫಿಟ್ಟರ್ ಮೊಣಕಾಲು ಮುರಿದುಕೊಂಡು ಬದುಕಿದ. ಚಾಲಕನನ್ನೂ ಹೊರತೆಗೆದರು, ಅವನು ಬದುಕಲಿಲ್ಲ.

ಇಂಜಿನಿಯರ್ ಬರುವ ಮೊದಲು ಕಾಕ ನನ್ನ ಮೇಜಿನ ಬಳಿ ಬಂದರು. ಬಟ್ಟೆ ಸುತ್ತಿದ ಕೈಯಲ್ಲೇ ವರದಿಯ ಹಾಳೆ ಹರಿದರು. “ಹೊಸತು ಬರಿ. ಬೇಡ ಅಂದ್ರೂ ಕೇಳದೆ ಹೋದ ಅಂತ.”

“ಕಾಕ, ಅಳಿಸ್ಬೇಡ ಅಂದದ್ದು ನೀವೇ ಅಲ್ವಾ?”

“ಹೌದು,” ಎಂದರು. “ಈಗ ಬರಿ ಅಂತ ಹೇಳುವುದೂ ನಾನೇ.”

ಬರೆದೆ. ನನ್ನದೇ ಅಕ್ಷರದಲ್ಲಿ, ಅವರು ಕಲಿಸಿದ ಅಕ್ಷರದಲ್ಲಿ. ಗಿಲ್ಗಿಟ್‌ಗೆ ಹೋದ ಪತ್ರದಲ್ಲೂ ತಪ್ಪು ಸತ್ತವನದೇ ಎಂದಿತ್ತು. ಅವನ ಮಕ್ಕಳು ಇಂದಿಗೂ ಅದನ್ನೇ ನಂಬಿರಬೇಕು... ಆಮೇಲೆ ಕಾಕ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದರು. ನನ್ನ ಮಗಳ ಮದುವೆಗೂ ಬಂದು ಹರಸಿದರು. ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಯಾರಾದರೂ ಆ ಕಥೆ ಹೇಳಿ ಹೊಗಳಿದಾಗ ತಲೆ ತಗ್ಗಿಸಿ ಕೂರುತ್ತಿದ್ದರು. ಜನ ಅದನ್ನು ವಿನಯವೆಂದರು.

ಬರೆದ ಹಾಳೆಯ ಅಡಿಯಲ್ಲಿ ಕಾರ್ಬನ್ ಪ್ರತಿ ಇರುತ್ತದೆಂದು ನನಗೆ ಕಲಿಸಿದವರೂ ಅವರೇ. ಅಂದು ಅದನ್ನು ಅವರು ಕೇಳಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ... ಕೇಳಬೇಕಿದ್ದ ನಾನು ಕೇಳಲಿಲ್ಲ, ಈಗ ಉತ್ತರ ಹೇಳಬೇಕಾದವರಿಲ್ಲ.

ಆ ಪ್ರತಿ ನನ್ನ ಪೆಟ್ಟಿಗೆಯಲ್ಲಿದೆ. ಚಾಲಕ ಬೇಡವೆಂದದ್ದು, ಕಾಕ ಕಳಿಸಿದ್ದು, ಕೆಳಗೆ ಅವರ ಸಹಿ, ಮೂರೂ ನೀಲಿ ಬಣ್ಣದಲ್ಲಿ ಸ್ಪಷ್ಟವಾಗಿ ಉಳಿದಿವೆ. ಕಾಪುವಿನ ಪೈಪ್ ಫಿಟ್ಟರ್ ಇನ್ನೂ ಇದ್ದಾನೆ, ಆ ಮೊಣಕಾಲು ಇಂದಿಗೂ ಮಡಚುವುದಿಲ್ಲ. ನನ್ನ ಮಾತನ್ನು ನಂಬಬೇಡಿ. ಬಂದು ಹಾಳೆಯನ್ನು ಓದಿ, ಆಮೇಲೆ ಅವನನ್ನು ಕೇಳಿ.