ಎಲ್ಲಪ್ಪನ ಅರ್ಧ ಚುಟ್ಟ

ದೆವ್ವ, ಪೀಡೆ ಎಂದು ಯಾರಾದರೂ ಮಾತು ತೆಗೆದರೆ ಸಾಕು, ನಾನು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆ. ನಮ್ಮ ಮನೆಯ ಹೆಂಗಸರಂತೂ ನನ್ನೆದುರು ಅಂಥ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು. ಈಗಲೂ ದೆವ್ವವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟು ಬಹಳ ವರ್ಷಗಳಾದವು. ಯಾಕೆಂದು ಹೇಳಬೇಕಾದರೆ ನನ್ನದೇ ಒಂದು ನೀಚ ಕೆಲಸವನ್ನೂ ಹೇಳಬೇಕಾಗುತ್ತದೆ. ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಆದವಾನಿಯಲ್ಲಿ ದೊಡ್ಡಪ್ಪನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೆಂಕಿಯ ವಿಷಯದಲ್ಲಿ ದೊಡ್ಡಪ್ಪ ಬಲು ಬಿಗಿ. ಹಮಾಲರು ಗೇಟಿನ ಹೊರಗೇ ಚುಟ್ಟ ಆರಿಸಿ ಒಳಗೆ ಬರಬೇಕು. ಹೊರಗೋಡೆಯಲ್ಲಿ ಸಾಲಾಗಿ ಸಣ್ಣ ಗೂಡುಗಳಿದ್ದವು, ಒಬ್ಬೊಬ್ಬನಿಗೆ ಒಂದೊಂದು. ಬೆಳಿಗ್ಗೆ ಅರ್ಧ ಸೇದಿದ ಚುಟ್ಟವನ್ನು ಗೋಡೆಗೆ ಒತ್ತಿ ಆರಿಸಿ ಗೂಡಿನಲ್ಲಿಟ್ಟರೆ, ಸಂಜೆ ಹೊರಗೆ ಬಂದು ಮತ್ತೆ ಹಚ್ಚುವುದು. ಒಳಗೆ ಎಲ್ಲಾದರೂ ಹೊಗೆ ಕಂಡರೆ ದೊಡ್ಡಪ್ಪ ಮೊದಲು ನೋಡುತ್ತಿದ್ದುದು ಆ ಗೂಡುಗಳನ್ನೇ. ಯಾರ ಗೂಡು ಖಾಲಿಯೋ ಅವನೇ ಕಳ್ಳ.

ಕೊನೆಯ ಗೂಡು ಕೋಸಗಿಯ ಎಲ್ಲಪ್ಪನದು. ಐವತ್ತು ದಾಟಿದ ಮನುಷ್ಯ, ನಿಧಾನದ ಮಾತು. ಅವನ ಚುಟ್ಟಗಳನ್ನು ಹೆಂಡತಿಯೇ ಸುತ್ತಿ, ಬುಡಕ್ಕೆ ಕೆಂಪು ನೂಲು ಕಟ್ಟಿ ಕಳಿಸುತ್ತಿದ್ದಳು. ಸಂಜೆ ಉಳಿದ ಅರ್ಧ ಹಚ್ಚಿದಾಗ ಮಾತ್ರ ಅವನ ಮುಖ ಅರಳುತ್ತಿತ್ತು.

ನನಗೂ ಚುಟ್ಟದ ಚಟ ಹತ್ತಿತ್ತು. ಆದರೆ ಸಾಹುಕಾರರ ಮನೆಯ ಹುಡುಗ, ದಿನವೂ ವಿಭೂತಿ ಹಚ್ಚಿಕೊಂಡು ಬರುವವನು, ಹಮಾಲರ ಸಾಲಿನಲ್ಲಿ ನನ್ನ ಅರ್ಧ ಚುಟ್ಟ ಇಡುವುದು ಹೇಗೆ? ಹೀಗಾಗಿ ನನ್ನದು ಕೋಟಿನ ಜೇಬಿನಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಜಿನ್ನಿನ ಹಿಂದೆ ನಿಂತು ಸೇದುತ್ತಿದ್ದೆ. ದೊಡ್ಡಪ್ಪನ ದನಿ ಕೇಳಿತು. ಗಡಿಬಿಡಿಯಲ್ಲಿ ಚುಟ್ಟವನ್ನು ಕಲ್ಲಿಗೆ ತಿಕ್ಕಿ ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಸೆಕೆ ಎಂದು ಕೋಟು ಬಿಚ್ಚಿ ಎಲ್ಲಪ್ಪ ತುಂಬುತ್ತಿದ್ದ ಹತ್ತಿಯ ರಾಶಿಯ ಮೇಲಿಟ್ಟೆ, ತೂಕ ಬರೆದುಕೊಂಡೆ, ಕೋಟು ಎತ್ತಿಕೊಂಡು ಹೊರಟೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಕೂಗೆದ್ದಿತು. ತಿರುಗಿದರೆ ರಾಶಿಯಲ್ಲಿ ಹೊಗೆ. ಜೇಬು ಮುಟ್ಟಿ ನೋಡಿಕೊಂಡೆ, ಚುಟ್ಟ ಇರಲಿಲ್ಲ.

ಎಲ್ಲರೂ ನೀರಿಗೆ ಓಡಿದರು. ನಾನೂ ಓಡಿದೆ, ಆದರೆ ನೀರಿಗಲ್ಲ. ಗೇಟಿನ ಹೊರಗೆ ಹೋಗಿ ಕೊನೆಯ ಗೂಡಿಗೆ ಕೈ ಹಾಕಿ, ಕೆಂಪು ನೂಲಿನ ಅರ್ಧ ಚುಟ್ಟವನ್ನು ತೆಗೆದು ಜೇಬಿಗಿಳಿಸಿದೆ. ಹೆದರಿಕೆಯಲ್ಲಿ ಬುದ್ಧಿ ಕೆಟ್ಟಿತ್ತು ಎಂದರೆ ಸುಳ್ಳಾಗುತ್ತದೆ. ಬುದ್ಧಿ ಬಹಳ ಚುರುಕಾಗಿಯೇ ಇತ್ತು.

ಬೆಂಕಿ ಆರಿತು. ರಾಶಿಯ ನಡುವೆ ಸುಟ್ಟ ಚುಟ್ಟದ ತುಂಡು ಸಿಕ್ಕಿತು. "ನಂದು ಗೂಡಿನ್ಯಾಗ ಐತ್ರಿ ಸಾವ್ಕಾರ, ಬರ್ರಿ, ತೋರಸ್ತೀನಿ" ಎಂದು ಎಲ್ಲಪ್ಪ ತಾನೇ ಮುಂದಾಗಿ ಕರೆದುಕೊಂಡು ಹೋದ. ಗೂಡು ಖಾಲಿ. ಅವನು ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಊರಿನ ಬೇರೆ ಯಾವ ಜಿನ್ನಿನವರೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಚುಟ್ಟವನ್ನು ಎಸೆಯಲು ನನಗೆ ಆಗಲಿಲ್ಲ. ಒಂದು ತಗಡಿನ ಡಬ್ಬಿಯಲ್ಲಿಟ್ಟೆ. ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ವರ್ಷ ಕಳೆದ ಮೇಲೆ ತಡೆಯಲಾರದೆ, ಎಲ್ಲ ಹೇಳಿ ಅವನನ್ನು ವಾಪಸು ಕರೆತರುತ್ತೇನೆಂದು ಕೋಸಗಿಯ ರೈಲು ಹತ್ತಿದೆ.

ಎಲ್ಲಪ್ಪ ಸತ್ತು ಅಂದಿಗೆ ಸರಿಯಾಗಿ ಒಂದು ತಿಂಗಳಾಗಿತ್ತು. ಅವನ ಹೆಂಡತಿ ಈರಮ್ಮ ಮಣ್ಣು ಮಾಡಿದ ಜಾಗಕ್ಕೆ ಎಡೆ ತೆಗೆದುಕೊಂಡು ಹೊರಟಿದ್ದಳು. ನಾನು ಯಾರೆಂದು ಹೇಳಿ, ಡಬ್ಬಿ ತೆರೆದು ಕೊಟ್ಟೆ. ಆಕೆ ನೂಲನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ನಾ ಸುತ್ತಿದ್ದು. ಎಲ್ಲಿ ಸಿಕ್ತ್ರೀ?"

"ಗ್ವಾಡಿ ಸಂದಿನ್ಯಾಗ ಬಿದ್ದಿತ್ತಮ್ಮ" ಎಂದೆ.

"ಅವತ್ತಿಂದ ಆತ ಚುಟ್ಟ ಮುಟ್ಟಲಿಲ್ರಿ. ಆ ಅರ್ಧ ಸಿಕ್ಕಮ್ಯಾಲೆ ಸೇದ್ತೀನಿ ಅಂತಿದ್ದ. ಬರ್ರಿ, ನೀವೇ ಹಚ್ಚಿ ಇಡ್ರಿ."

ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಚುಟ್ಟವಾದರೆ ಹಚ್ಚಿಯೇ ಇಡಬೇಕು. ನಡುಹಗಲು, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಮಣ್ಣು ಮಾಡಿದ ಜಾಗದಲ್ಲಿ ಕುಳಿತು, ಚುಟ್ಟ ಬಾಯಿಗಿಟ್ಟು ಕಡ್ಡಿ ಗೀರಿದೆ. ಉರಿ ತುದಿಯ ಹತ್ತಿರ ಹೋದೊಡನೆ ಪಕ್ಕಕ್ಕೆ ಬಾಗಿತು. ಬೆರಳು ಸುಡುವವರೆಗೂ ಹಿಡಿದು ಎಳೆದೆ. ಕಿಡಿ ಹತ್ತಲಿಲ್ಲ. ಇನ್ನೊಂದು ಗೀರಿದೆ, ಮತ್ತೊಂದು ಗೀರಿದೆ. ವರ್ಷವಿಡೀ ಒಣಗಿದ ಹೊಗೆಸೊಪ್ಪು ಅದು, ಒಲೆಯ ಹತ್ತಿರ ಇಟ್ಟರೂ ಹತ್ತಿಕೊಳ್ಳಬೇಕು. ಏಳು ಕಡ್ಡಿ ಹೋದವು. ನನ್ನ ಬೆನ್ನು ಬೆವರಿನಿಂದ ತೊಯ್ದಿತ್ತು.

"ಬಿಡ್ರಿ" ಎಂದಳು ಈರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಆತ ನೋಡಿದ್ನಂತ್ರಿ."

"ಏನು?"

"ನೀವು ಗೂಡಿನ್ಯಾಗ ಕೈ ಹಾಕಿದ್ದು. ನೀರು ತರಾಕ ಗೇಟಿನ ಕಡೆ ಬಂದಾಗ ನೋಡಿದ್ದ. ಯಾಕಂತ ಖಾಲಿ ಗೂಡು ಕಂಡಮ್ಯಾಲೆ ತಿಳೀತಂತ. 'ಸಣ್ಣ ಸಾವ್ಕಾರ್ರು ಹೆದರ್ಯಾರ, ನಾಳೆ ತಾವೇ ಹೇಳ್ತಾರ' ಅಂತಿದ್ದ. ದಿನಾ ದಾರಿ ನೋಡಿದ."

ನನ್ನ ಕೈಯಿಂದ ಚುಟ್ಟವನ್ನೂ ಅದೇ ಕಡ್ಡಿಪೆಟ್ಟಿಗೆಯನ್ನೂ ತೆಗೆದುಕೊಂಡಳು. ಒಂದೇ ಕಡ್ಡಿ ಗೀರಿದಳು. ಚುಟ್ಟ ಹತ್ತಿಕೊಂಡಿತು. ಆಕೆ ಅದನ್ನು ಕಲ್ಲಿನ ಮೇಲಿಟ್ಟು ದೂರ ಸರಿದು ಕುಳಿತಳು. ಯಾರೂ ಎಳೆಯದೆ ಇಟ್ಟ ಚುಟ್ಟ ಸ್ವಲ್ಪ ಹೊತ್ತಿಗೆ ಆರುತ್ತದೆ, ಸೇದುವವರಿಗೆಲ್ಲ ಗೊತ್ತು. ಅದು ಆರಲಿಲ್ಲ. ಒಮ್ಮೆ ಕೆಂಪಗಾಗಿ, ತುಸು ತಡೆದು, ಮತ್ತೆ ಕೆಂಪಗಾಗುತ್ತ, ಕೆಂಪು ನೂಲಿನವರೆಗೆ ಉರಿದು ನಿಂತಿತು. ನಾವಿಬ್ಬರೂ ನೋಡುತ್ತ ಕುಳಿತಿದ್ದೆವು.

ನನ್ನ ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಯಾವುದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅದಕ್ಕಿಂತಲೂ ಅರ್ಥವಾಗದ್ದು ಇನ್ನೊಂದಿದೆ. ಅದನ್ನೆಲ್ಲ ಕಣ್ಣಾರೆ ಕಂಡು ಸಂಜೆಯ ಗಾಡಿಗೆ ಮರಳಿದೆ. ದೊಡ್ಡಪ್ಪ ಪಡಸಾಲೆಯಲ್ಲಿ ಕುಳಿತಿದ್ದರು.

"ಕೋಸಗ್ಯಾಗ ನಿಂದೇನಿತ್ತೋ ಕೆಲಸ?" ಎಂದು ಕೇಳಿದರು.

"ಹತ್ತಿ ನೋಡಾಕ ಹೋಗಿದ್ದೆ" ಎಂದೆ.

ಅವರು ತೀರಿಕೊಳ್ಳುವವರೆಗೂ ಅವರ ಲೆಕ್ಕದಲ್ಲಿ ಆ ಬೆಂಕಿ ಎಲ್ಲಪ್ಪನದೇ ಆಗಿತ್ತು.